ಸೋರುವ ಟಬ್ಬು ಮತ್ತು ನಮ್ಮ ದೊಡ್ಡ ಮಾವ

ಆಳಂದದಲ್ಲಿ ಕಳ್ಳರನ್ನು ಹಿಡಿಯಲು ಪೊಲೀಸರಿದ್ದರು, ನೀರನ್ನು ಹಿಡಿಯಲು ನಮ್ಮ ದೊಡ್ಡ ಮಾವ ಇದ್ದರು. ಪೊಲೀಸರಾದರೂ ಆಗೊಮ್ಮೆ ಈಗೊಮ್ಮೆ ಒಬ್ಬ ಕಳ್ಳನನ್ನು ಹಿಡಿಯುತ್ತಿದ್ದರು. ದೊಡ್ಡ ಮಾವ ಮಾತ್ರ ಒಂದು ಚಳಿಗಾಲವಿಡೀ ಹುಡುಕಿ, ಬಚ್ಚಲ ನೆಲವನ್ನೆಲ್ಲ ಹೆಗ್ಗಣದ ಬಿಲ ಮಾಡಿ, ಒಂದು ಹನಿಯನ್ನೂ ಹಿಡಿಯಲಿಲ್ಲ!

ದೊಡ್ಡ ಮಾವ ಅಂದರೆ ನಮ್ಮ ಮಾವನವರ ಅಣ್ಣ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಸರಸಂಬಾದಿಂದ ಸೊಸೆಯಾಗಿ ಬಂದಾಗ ಅಣ್ಣ ತಮ್ಮಂದಿರು ಬೇರೆಯಾಗಿದ್ದರು. ನಡುವಿನ ಗೋಡೆ ಮಾತ್ರ ಒಂದೇ. ಆಚೆ ಅವರ ಬಚ್ಚಲು, ಈಚೆ ನಮ್ಮ ಪಡಸಾಲೆ. ಗೋಡೆ ಒಂದೇ ಆದರೆ ಜಗಳಕ್ಕೂ ಅನುಕೂಲ, ಪಲ್ಯ ಕೊಟ್ಟು ತಗೊಳ್ಳುವುದಕ್ಕೂ ಅನುಕೂಲ. ಶಿವನ ದಯೆ, ನಮ್ಮಲ್ಲಿ ಪಲ್ಯವೇ ಹೆಚ್ಚು ಓಡಾಡಿತು.

ಒಂದು ದಿನ ಕಲಬುರಗಿಯ ಯಾವುದೋ ಹಳೆಯ ಬಂಗಲೆಯ ಸಾಮಾನು ಲಿಲಾವಿಗೆ ಬಂತೆಂದು ದೊಡ್ಡ ಮಾವ ಹೋದರು. ಮಂಚ ತರುತ್ತಾರೆ, ಕಪಾಟು ತರುತ್ತಾರೆ ಎಂದು ನಾವು ಕಾಯುತ್ತಿದ್ದರೆ ಟ್ರ್ಯಾಕ್ಟರ್ ಮೇಲೆ ಬಂದದ್ದು ಬೀಡು ಕಬ್ಬಿಣದ ಬಾತ್‌ಟಬ್ಬು! ಹೊರಗೆ ಕರಿ, ಒಳಗೆ ಬಿಳಿ, ಕೆಳಗೆ ನಾಲ್ಕು ಹುಲಿ ಪಾದ. ಓಣಿ ಓಣಿಯೇ ನೋಡಲು ಬಂತು.

"ಕಾಕಾ, ದನಕ್ಕ ನೀರು ಕುಡಿಸಾಕ ಭಾರಿ ದೋಣಿ ತಂದೀರಿ ಬಿಡ್ರಿ!" ಅಂದ ಒಬ್ಬ.

"ನಿಮ್ಮಪ್ಪನ್ನ ಕರ್ಕೊಂಡ್ ಬಾ, ಮೊದಲ ಅವಂಗೇ ಕುಡಿಸ್ತೇನಿ," ಅಂದರು ದೊಡ್ಡ ಮಾವ.

ಅವರ ಬಾಯಿ ಹಾಗೆಯೇ. ಬೀಗರ ಮನೆಯಲ್ಲಿ ಉಂಡು, ಕೈ ತೊಳೆಯುವ ಮೊದಲೇ "ಸಾರಿಗೆ ಉಪ್ಪು ಹಾಕೂದು ಮರ್ತೀರೇನ್ರಿ?" ಎಂದು ಕೇಳಿದ ಮನುಷ್ಯ. ಅವರ ನಾಲಿಗೆಗೂ ಮನಸ್ಸಿಗೂ ನಡುವೆ ಬಾಗಿಲೇ ಇರಲಿಲ್ಲ.

ಟಬ್ಬು ತಂದದ್ದು ತಮ್ಮ ಹೆಂಡತಿ, ನಮ್ಮ ದೊಡ್ಡತ್ತಿಗಾಗಿ. ಪಾಪ, ಆಕೆಯ ಮೊಳಕಾಲು ಹಿಡಿದುಹೋಗಿದ್ದವು. ಮೈಯೂ ಭಾರ. ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕುಂತರೆ ಮಾತ್ರ ನೋವು ಇಳಿದು, ಆ ರಾತ್ರಿ ನಿದ್ದೆ ಹತ್ತುತ್ತಿತ್ತು. ದೊಡ್ಡ ಮಾವ ತಾವೇ ಹಂಡೆ ಕಾಯಿಸಿ, ಕೊಡಗಟ್ಟಲೆ ಹೊತ್ತು ಟಬ್ಬು ತುಂಬಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದರು. ದೊಡ್ಡತ್ತಿ ಒಳಗಿನಿಂದ "ಶಿವಾ... ಶಿವಾ..." ಅನ್ನುವುದು ನಮ್ಮ ಪಡಸಾಲೆಗೆ ಕೇಳಿಸುತ್ತಿತ್ತು. ಅಷ್ಟು ಸಮಾಧಾನದ ಶಿವನಾಮ ನಾನು ಮಠದಲ್ಲೂ ಕೇಳಿಲ್ಲ.

ಕೆಲವೇ ವಾರ. ನಮ್ಮ ಪಡಸಾಲೆಯ ಗೋಡೆಗೆ ಒಂದು ಹಸಿ ಕಲೆ ಬಿತ್ತು. ಮೊದಲು ರೊಟ್ಟಿಯಷ್ಟಿತ್ತು, ಆಮೇಲೆ ಹೆಂಚಿನಷ್ಟಾಯಿತು, ಆಮೇಲೆ ಜಮಖಾನದಷ್ಟು! ಆ ಗೋಡೆಗೇ ನಾವು ವರ್ಷದ ಜೋಳದ ಚೀಲ ಒಟ್ಟುತ್ತಿದ್ದದ್ದು. ಹಸಿ ತಾಗಿದರೆ ಜೋಳ ಮುಗ್ಗಿ ಹೋಗುತ್ತದೆ, ಉಣ್ಣುವುದೇನು?

ನಮ್ಮ ಮಾವನವರು ಅಣ್ಣನ ಮನೆಗೆ ಹೋಗಿ ಹೇಳಿಯೇಬಿಟ್ಟರು: "ಅಣ್ಣಾ, ರಾಶಿ ಆಗಿ ಚೀಲ ಮನಿಗಿ ಬರೂದ್ರಾಗ ಗೋಡಿ ಒಣಗಬೇಕು. ಇಲ್ಲಂದ್ರ ಟಬ್ಬು ಹೊರಗ!"

ಟಬ್ಬು ಹೊರಗೆ ಹೋದರೆ ದೊಡ್ಡತ್ತಿಯ ನಿದ್ದೆಯೂ ಅದರ ಹಿಂದೆಯೇ ಹೋದಂತೆ. ದೊಡ್ಡ ಮಾವ ಪಂಚೆ ಎತ್ತಿ ಕಟ್ಟಿದರು.

ಮೊದಲ ತನಿಖೆ ಕಿವಿಯಿಂದ. ನಾನು ಲಿಂಗಪೂಜೆಗೆ ಕುಂತಿದ್ದೆ. ದೊಡ್ಡ ಮಾವ ಹಿತ್ತಾಳೆ ಲೋಟ ಹಿಡಿದು ಒಳಗೆ ಬಂದವರೇ ಅದನ್ನು ಗೋಡೆಗೆ ಒತ್ತಿ, ಕಿವಿ ಹಚ್ಚಿ ನಿಂತರು.

"ಮಂತ್ರ ಒಂದೀಟು ಮೆಲ್ಲಕ ಹೇಳು ಬೇ, ನೀರಿನ ಸಪ್ಪಳ ಕೇಳವಲ್ದು!"

ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಅವರ ಕಣ್ಣು ಅರಳಿದವು. "ಸಿಕ್ತು! ಜರ್ ಜರ್ ಅಂತ ಹರ್ಯಾಕತ್ತದ! ಹಿತ್ತಲ ಕಡಿಯಿಂದ!" ಎಂದು ಓಡಿದರು. ಹಿತ್ತಲಲ್ಲಿ ನಮ್ಮ ಅತ್ತೆಯವರು ಮಜ್ಜಿಗೆ ಕಡೆಯುತ್ತಿದ್ದರು.

ಎರಡನೆಯದು, ಟಬ್ಬಿಗೆ ದಿನವೂ ಹಾಕುವಷ್ಟೇ ನೀರು ತುಂಬಿಸಿ, ಮಟ್ಟಕ್ಕೆ ಸುಣ್ಣದ ಗೆರೆ ಎಳೆದು, ಯಾರೂ ಮುಟ್ಟದಂತೆ ಹಗಲೆಲ್ಲ ಕಾವಲು ಕೂರುವುದು. ಸಂಜೆಗೆ ನೀರು ಗೆರೆಯ ಮೇಲೆಯೇ ನಿಂತಿತ್ತು, ಸತ್ಯವಂತನ ಹಾಗೆ! ತಳದ ಬಿರಡೆ ಎಳೆದು ನೀರು ಬಿಟ್ಟರೂ ನೆಲ ಒಣ ಒಣ. ಹಾಗಾದರೆ ಗೋಡೆ ಹಸಿಯಾಗುವುದು ಹೇಗೆ? ಅದೇನು ಅಳುತ್ತದೆಯೇ?

ಮೂರನೆಯದು ನೀಲಿ. ಬಟ್ಟೆಗೆ ಹಾಕುವ ನೀಲಿಯನ್ನು ಡಬ್ಬಿಗಟ್ಟಲೆ ಟಬ್ಬಿಗೆ ಸುರಿದು, "ಮನುಷ್ಯಾರ ಭಾರ ಬಿದ್ರ ಸೋರ್ತದೇನೋ" ಎಂದು ತಾವೇ ಇಳಿದು ಕುಂತರು. ದೊಡ್ಡ ಮಾವನದೇನು ಭಾರ? ಜೋಳದ ದಂಟು ನೀರಿಗೆ ಹಾಕಿದ ಹಾಗೆ! ನೀರು ಮಿಸುಕಲಿಲ್ಲ, ನಮ್ಮ ಗೋಡೆಗೆ ಒಂದು ನೀಲಿ ಚುಕ್ಕೆಯೂ ಬರಲಿಲ್ಲ. ಬಣ್ಣ ಹತ್ತಿದ್ದು ಅವರ ಕಾಲಿಗೆ. ಮರುದಿನ ಸೋಮವಾರ, ಮಠಕ್ಕೆ ಹೋದರು. ಅಲ್ಲಿದ್ದ ಹಿರಿಯರೊಬ್ಬರು ನೋಡಿ, "ನೀಲಕಂಠನ್ನ ಕೇಳೀವಿ, ನೀಲಪಾದನ್ನ ಇವತ್ತ ಕಣ್ಣಾರೆ ಕಂಡ್ವಿ!" ಅಂದರಂತೆ.

ಆಮೇಲೆ ಅಗೆತ ಶುರುವಾಯಿತು. ಇವತ್ತು ಬಾಗಿಲ ಹತ್ತಿರ ನೆಲಕ್ಕೆ ಹಾಸಿದ ಪರಸಿ ಕಲ್ಲು, ನಾಳೆ ಮೂಲೆಯದು. ಟಬ್ಬಿನ ಹಿಂದೊಂದು ಬಿಟ್ಟು ಎಲ್ಲ ಕಡೆ ಅಗೆದರು. ಅಗೆಯುವುದು, ತಲೆ ಅಲ್ಲಾಡಿಸುವುದು, ಮುಚ್ಚುವುದು. ನಮ್ಮ ಮಾವನವರು ಗೋಡೆ ಮುಟ್ಟಿ ನೋಡುವುದು, ಹಲ್ಲು ಕಡಿಯುವುದು. ಹೊಲದಲ್ಲಿ ರಾಶಿಯೂ ಆಗುತ್ತ ಬಂತು.

ಅಂಥದೇ ಒಂದು ಮಧ್ಯಾಹ್ನ ದೊಡ್ಡತ್ತಿ ನನ್ನನ್ನು ಕರೆದರು. ಅವರ ಕೈಯೂ ನೋಯುತ್ತಿತ್ತು, ಬೆನ್ನು ತಿಕ್ಕಲು ಯಾರಾದರೂ ಬೇಕಿತ್ತು. ಅಲ್ಲಿಯವರೆಗೆ ಆಕೆ ಟಬ್ಬಿಗೆ ಇಳಿಯುವುದನ್ನು ನಾವ್ಯಾರೂ ನೋಡಿದವರಲ್ಲ. ನನ್ನ ಹೆಗಲು ಹಿಡಿದು ಇಳಿದು, ಮೆಲ್ಲಗೆ ಕುಂತರು. ನೀರು ಎದ್ದಿತು! ಸುಣ್ಣದ ಗೆರೆ ದಾಟಿ, ಟಬ್ಬಿನ ಅಂಚಿನ ಕೆಳಗೆ ಹೆಚ್ಚಾದ ನೀರು ಹೋಗಲೆಂದು ಇಟ್ಟಿದ್ದ ಜಾಲರಿ ತೂತಿಗೆ ಮುಟ್ಟಿತು. ಗುಳು ಗುಳು ಎಂದು ಒಳಗೆ ಇಳಿದದ್ದೇ ತಡ, ಟಬ್ಬಿನ ಹಿಂದೆ ಪೈಪಿನ ಒಡಕು ಜೋಡಿನಿಂದ ತೊಟ್ ತೊಟ್ ಎಂದು ಗೋಡೆಯ ಬುಡಕ್ಕೆ! ದೊಡ್ಡತ್ತಿ ಕಣ್ಣು ಮುಚ್ಚಿ ಶಿವಾ ಅನ್ನುತ್ತಿದ್ದರು, ಅವರಿಗೇನೂ ಗೊತ್ತಾಗಲಿಲ್ಲ.

ನಾನು ಸೆರಗಿಗೆ ಕೈ ಒರೆಸುತ್ತ ಹೊರಗೆ ಓಡಿದೆ. ದೊಡ್ಡ ಮಾವ ಅಂಗಳದಲ್ಲಿ ಇನ್ನೊಂದು ಕಲ್ಲು ಎಬ್ಬಿಸುತ್ತಿದ್ದರು.

"ಮಾವಾರ, ಸಿಕ್ತ್ರಿ! ಅತ್ತ್ಯಾರು ಕುಂತಾಗ ನೀರು ಮ್ಯಾಲ..."

"ಶ್!" ಅಂದರು. ಬಚ್ಚಲ ಬಾಗಿಲ ಕಡೆ ನೋಡಿ, ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಗೊತ್ತದ. ಆ ನೀಲಿ ಹಾಕಿದ ಮರುದಿನನೇ, ಆಕಿ ಜಳಕಾ ಮಾಡಿ ಎದ್ದ ಮ್ಯಾಲ ಟಬ್ಬಿನ ಹಿಂದ ಹಸಿ ನೋಡೀನಿ" ಅಂದರು.

"ಮತ್ತ ಇಷ್ಟ್ ದಿನ ಎದಕ್ಕ ಅಗ್ಯಾಕತ್ತೀರಿ?"

"ಆಕಿ ಕೇಳ್ತಾಳಲ್ಲ, ಯಾಕ ಸೋರ್ತಿತ್ತು ಅಂತ. ಏನ್ ಹೇಳ್ಲಿ? ಮೈ ಭಾರ ಅಂತ ಮಂದಿ ನಗತಾರಂತ ಮದುವಿಗಿ ಹೋಗೂದು ಬಿಟ್ಲು. ಕಟ್ಟಿ ಮ್ಯಾಲ ಕುಂದ್ರೂದು ಬಿಟ್ಲು. ಇದೂ ತನ್ನಿಂದ ಅಂತ ತಿಳೀತಂದ್ರ, ಈ ನೀರಿನಾಗೂ ಕಾಲಿಡಂಗಿಲ್ಲ ಬೇ ಆಕಿ. ನೆಪ ಒಂದು ಸಿಗಲಿ ಅಂತ ಹುಡುಕಾಕತ್ತೇನಿ."

ನಾನು ಸುಳ್ಳು ಹೇಳುವವಳಲ್ಲ. ಆದರೂ ಆ ಸಂಜೆ ಮಾವನವರ ಮುಂದೆ ನಿಂತು, "ಹೆಗ್ಗಣ ಪೈಪು ಕಿತ್ತದ್ರಿ, ನಾನೇ ಕಣ್ಣಾರೆ ನೋಡೀನ್ರಿ" ಅಂದೆ. ಶಿವ ನನ್ನ ನಾಲಿಗೆ ಸೇದಲಿಲ್ಲ. ಮರುದಿನ ಜೋಡು ಬಿಗಿಯಾಯಿತು. ಚೀಲಗಳು ಬಂದಾಗ ಗೋಡೆ ಬೆಚ್ಚಗೆ ಒಣಗಿತ್ತು. ಯಾವ ತಪ್ಪೂ ಮಾಡದ ಆ ಹೆಗ್ಗಣಕ್ಕೆ ನಮ್ಮ ಮಾವನವರು ಬಹಳ ದಿನ ಬೈದರು.

ಆದರೆ ನನಗೆ ನೆನಪಾಗುವುದು ಆ ಮಧ್ಯಾಹ್ನವೇ. ನಾವು ಅಂಗಳದಲ್ಲಿ ಹಾಗೆ ನಿಂತಿದ್ದಾಗ ಒಳಗಿನಿಂದ ದೊಡ್ಡತ್ತಿಯ ದನಿ ಬಂತು:

"ಏನ್ರೀ, ಸಿಕ್ತೇನ್ರಿ ಎಲ್ಲಿ ಸೋರ್ತದಂತ?"

ದೊಡ್ಡ ಮಾವ ನನ್ನ ಮುಖ ನೋಡಿದರು. ಆಮೇಲೆ ಹಾರೆ ಎತ್ತಿ, ಏನೂ ಆಗಿರದ ಒಂದು ಒಳ್ಳೆಯ ಕಲ್ಲಿಗೆ, ಒಳಗೆ ಕೇಳಿಸುವ ಹಾಗೆ ಠಣ್ಣೆಂದು ಒಂದು ಏಟು ಹಾಕಿ ಹೇಳಿದರು:

"ಇನ್ನೂ ಇಲ್ಲ ಬೇ. ಹುಡುಕಾಕತ್ತೇನಿ. ನೀ ಸಾವಕಾಶ ಕುಂದ್ರು."