ತಾರಸಿ ಮೇಲೆ ತೋಟ, ಕೆಳಗೆಲ್ಲ ಗಲಾಟೆ

ಗಿಡ ನೆಟ್ಟವರ ಮನೆಯಲ್ಲಿ ಬರೀ ಕಾಯಿ ಬಿಡುತ್ತೆ ಅಂತ ನೀವು ತಿಳಿದುಕೊಂಡಿದ್ದರೆ, ನೀವು ಇನ್ನೂ ಗಿಡ ನೆಟ್ಟಿಲ್ಲ ಅಂತ ಅರ್ಥ. ನಮ್ಮ ಮನೆಯಲ್ಲಿ ಮೊದಲು ಏನಾದರೊಂದು ಗಂಡಾಂತರ ಬಿಡುತ್ತೆ, ಆಮೇಲೆ ಕಾಯಿ. ಗಂಡಾಂತರ ತಾನಾಗೇ ಉದುರಿ ಹೋಗುತ್ತೆ, ಕಾಯಿ ಸಾರಿಗೆ ಬೀಳುತ್ತೆ. ಅಷ್ಟು ನಮ್ಮ ಪುಣ್ಯ.

ನಾನು ಚನ್ನಪಟ್ಟಣದಲ್ಲಿ ಬಟ್ಟೆ ಹೊಲಿಯೋಳು. ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಮ್ಮ ಯಜಮಾನರು ಬೆಳಿಗ್ಗೆ ಟ್ರೈನ್ ಹತ್ತಿ ಬಿಡದಿಯ ಫ್ಯಾಕ್ಟರಿಗೆ ಹೋಗಿ ಸಂಜೆ ವಾಪಸ್ ಬರ್ತಾರೆ. ಜೊತೆಗೆ ಅತ್ತೆ ಇದ್ದಾರೆ. ಕೆಳಗಿನ ಮನೆಯಲ್ಲಿ ಓನರ್ರು, ಪಕ್ಕದ ಮನೆಯಲ್ಲಿ ಮರದ ಗೊಂಬೆ ಮಾಡುವ ಭಾಯ್, ಅವರ ಹೆಂಡತಿ ಆಪ. ನಮ್ಮ ತಲೆ ಮೇಲೆ ತಾರಸಿ. ಮೊದಲು ಅಲ್ಲಿ ಹಪ್ಪಳ ಒಣಗಿಸ್ತಿದ್ದೆ. ಹಳೇ ಪೇಂಟ್ ಡಬ್ಬಕ್ಕೆ ಮಣ್ಣು ತುಂಬಿ ಟೊಮೆಟೊ ಸಸಿ ಇಟ್ಟಿದ್ದೇ ನೆಪ, ನೋಡನೋಡುತ್ತ ಬದನೆ, ಬೆಂಡೆ, ಹಾಗಲ, ಸೀಮೆಬದನೆ ಎಲ್ಲ ಮೇಲಕ್ಕೆ ಹತ್ತಿ ಕೂತವು. ಹಪ್ಪಳಕ್ಕೆ ಜಾಗ ಇಲ್ಲದ ಹಾಗಾಯಿತು.

ಓನರ್ರು ಮೆಟ್ಟಿಲು ಹತ್ತಿದ್ದು

ನಮ್ಮ ಓನರ್ರದು ರಾಗಿ ಮಿಲ್ಲು. ಹಣೆ ತುಂಬ ವಿಭೂತಿ, ಮೈತುಂಬ ಹಿಟ್ಟು, ಎರಡೂ ಒಂದೇ ಬಣ್ಣ. ಒಳ್ಳೆಯವರೇ, ಆದರೆ ಮನೆ ಗೋಡೆಗೆ ಮೊಳೆ ಹೊಡೆದರೆ ತಮ್ಮ ಎದೆಗೇ ಹೊಡೆದ ಹಾಗೆ ಒದ್ದಾಡೋರು. ನಮ್ಮ ಮನೆಯ ಹಿಂಭಾಗದ ರೂಮೊಂದರಲ್ಲಿ ತಾರಸಿಯಿಂದ ತೇವ ಇಳಿದು ಗೋಡೆಗುಂಟ ಕೆಳಗಿನ ಅವರ ದೇವರ ಕೋಣೆಯವರೆಗೂ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರು ಮೆಟ್ಟಿಲು ಹತ್ತಿ ಬಂದರು.

"ಏನಮ್ಮಾ, ಮನೆ ಬಾಡಿಗೆಗೆ ಕೊಟ್ರೆ ಹೊಲ ಮಾಡ್ಕಂಡಿದೀಯಲ್ಲ! ನಮ್ ದೇವ್ರ ಮ್ಯಾಲೆ ನೀರು ಇಳೀತಾ ಐತೆ. ಒಂದೋ ಗಿಡ ಇಳ್ಸು, ಇಲ್ಲಾ ಮನೆ ಖಾಲಿ ಮಾಡು."

ಗಿರಾಕಿಗಳೆಲ್ಲ ಇದೇ ಬೀದಿಯವರು. ಮನೆ ಬಿಟ್ಟರೆ ಹೊಲಿಗೆಯೂ ಹೋಯಿತು. ಅಳು ನುಂಗಿಕೊಂಡು ಬದನೆ ಡಬ್ಬ ಎತ್ತಿ ಇಳಿಸೋಕೆ ಶುರು ಮಾಡಿದೆ. ಅಷ್ಟರಲ್ಲಿ ಅವರ ಹೆಂಡತಿ, "ಇಳಿಸೋಕೆ ಮುಂಚೆ ನಾನೂ ಒಂದ್ಸಲ ನೋಡ್ತೀನಿ ಇರವ್ವ" ಅಂತ ಮೇಲೆ ಬಂದರು. ಟೊಮೆಟೊ ಸಾಲು ದಾಟಿ, ನೀರಿನ ಟ್ಯಾಂಕಿನ ಹಿಂದಕ್ಕೆ ಹೋದವರು ದಬ್ ಅಂತ ಜಾರಿ ಕೂತರು. ಕೂತಲ್ಲಿಂದಲೇ ಕೂಗಿದರು.

"ರೀ! ಬನ್ರೀ ಇಲ್ಲಿ! ಸೋರ್ತಿರಾದು ಈಯಮ್ಮನ ಗಿಡ ಅಲ್ಲ, ನಿಮ್ ಟ್ಯಾಂಕು!"

ಹೋಗಿ ನೋಡಿದರೆ ಟ್ಯಾಂಕಿನ ಪೈಪು ಉದ್ದಕ್ಕೂ ಬಿರುಕು ಬಿಟ್ಟಿದೆ. ಅದರಿಂದ ಬರುವ ಅರ್ಧ ನೀರನ್ನು ನನ್ನ ಟೊಮೆಟೊ ಡಬ್ಬಗಳೇ ಕುಡಿಯುತ್ತಿವೆ. ಆ ಸಾಲಿನ ಟೊಮೆಟೊ ಮಾತ್ರ ಯಾಕೆ ಅಷ್ಟು ದಪ್ಪ ಅನ್ನೋದು ನನಗೂ ಆವತ್ತೇ ತಿಳಿದದ್ದು. ಓನರ್ರು ಪೈಪು ನೋಡಿದರು, ಟೊಮೆಟೊ ನೋಡಿದರು, ಹೆಂಡತಿ ಮುಖ ನೋಡಿದರು. ಕೊನೆಗೆ ಗಂಟಲು ಸರಿ ಮಾಡಿಕೊಂಡು ನನಗೆ ಹೇಳಿದರು:

"ಪ್ಲಂಬರ್ ಬರೋ ಗಂಟ ಇನ್ನೊಂದೆಲ್ಡು ಡಬ್ಬ ತಂದು ಇಲ್ಲೇ ಇಟ್ಬುಡಮ್ಮ."

ಹೆಲ್ಮೆಟ್ಟು

ಪಡವಲಕಾಯಿ ನೆಟ್ಟಗೆ ಬೆಳೀಬೇಕು ಅಂದರೆ ತುದಿಗೆ ಸಣ್ಣ ಕಲ್ಲು ಕಟ್ಟಬೇಕು. ಇಲ್ಲದಿದ್ದರೆ ಜಿಲೇಬಿ ಥರ ಸುತ್ತಿಕೊಳ್ಳುತ್ತೆ. ನಾನು ಬಳ್ಳಿಯನ್ನು ತಾರಸಿ ಅಂಚಿಂದ ಕೆಳಕ್ಕೆ ಬಿಟ್ಟಿದ್ದೆ. ಕಾಯಿಗಳು ನಮ್ಮ ಬಾಗಿಲ ಎದುರಿಗೇ ತೋರಣದ ಹಾಗೆ ಇಳಿಬಿದ್ದಿದ್ದವು, ಒಂದೊಂದಕ್ಕೂ ಒಂದೊಂದು ಕಲ್ಲು. ನೋಡೋಕೆ ಬಲು ಚಂದ. ನಮ್ಮ ಯಜಮಾನರು ಮಾತ್ರ ದಿನಾ ಹಣೆ ಉಜ್ಜಿಕೊಂಡೇ ಒಳಗೆ ಬರ್ತಿದ್ದರು. "ಕಿತ್ತಾಕೇ ಅದನ್ನ" ಅಂದರೆ, "ಇನ್ನೊಂದು ವಾರ ತಾಳಿ, ಬಲೀಲಿ" ಅಂತಿದ್ದೆ.

ಆ ವಾರದಲ್ಲೇ ಸ್ಟೇಷನ್ನಿನಿಂದ ಬೈಕಿನಲ್ಲಿ ಬರುವಾಗ ಅವರ ಎದುರಿಗೆ ನಾಯಿ ಅಡ್ಡ ಬಂತು. ಬೈಕು ಸಮೇತ ಬಿದ್ದರು. ಯಾರೋ ಫೋನ್ ಮಾಡಿ ಹೇಳಿದಾಗ ನನ್ನ ಜೀವ ಬಾಯಿಗೆ ಬಂತು. ಚಪ್ಪಲಿಯಿಲ್ಲದೆ ಓಡಿದೆ. ಹೋಗಿ ನೋಡಿದರೆ ಮೊಣಕೈ ತರಚಿದೆ ಅಷ್ಟೇ, ರಸ್ತೆ ಪಕ್ಕ ಕೂತು ಎಳನೀರು ಕುಡೀತಿದ್ದಾರೆ. ಹೆಲ್ಮೆಟ್ಟಿಗೆ ದೊಡ್ಡ ಗೀರು. ಎತ್ತಿ ಕೂರಿಸಿದ ಪೊಲೀಸಿನವರು ಸುತ್ತ ನಿಂತಿದ್ದ ಹುಡುಗರಿಗೆಲ್ಲ ಇವರನ್ನೇ ತೋರಿಸಿ ಪಾಠ ಹೇಳ್ತಿದ್ದರು. "ನೋಡ್ರೋ, ಹೆಲ್ಮೆಟ್ ಹಾಕಿದ್ದಕ್ಕೆ ತಲೆ ಉಳೀತು. ಸಾರ್, ನೀವು ಯಾವಾಗಲೂ ಹಾಕ್ಕಂತೀರ?"

ಇವರು ಎಳನೀರು ಕೆಳಗಿಟ್ಟು ಹೇಳಿದರು. "ರಸ್ತೇಲಿ ಕೆಲವು ಸಲ ಮರೀತೀನಿ ಸಾರ್. ಈ ವಾರದಿಂದ ಮನೆ ಒಳಕ್ಕೆ ಹೋಗೋಕ್ಕೆ ಬೇಕಾಯ್ತದೆ ಅಂತ ಹಾಕ್ಕಂತಾ ಇವ್ನಿ."

ಭಾಯ್ ಮಾಡಿದ ಹಾವು

ನಮ್ಮೂರಿನ ಕೋತಿಗಳಿಗೆ ನನ್ನ ತಾರಸಿ ಹೋಟೆಲಿದ್ದಂತೆ. ಒಂದು ಬದನೆಕಾಯಿಯನ್ನೂ ಪೂರ್ತಿ ತಿನ್ನೋದಿಲ್ಲ, ಎಲ್ಲವನ್ನೂ ಒಂದೊಂದು ಸಲ ಕಚ್ಚಿ ರುಚಿ ನೋಡಿ ಎಸೆಯುತ್ತವೆ. ನಾನು ಗೋಳಾಡೋದನ್ನ ನೋಡಲಾರದೆ ಪಕ್ಕದ ಮನೆ ಭಾಯ್ ಒಂದು ಉಪಾಯ ಮಾಡಿದರು. ಮರದ ತುಂಡುಗಳನ್ನು ದಾರದಲ್ಲಿ ಪೋಣಿಸಿ, ಅರಗಿನ ಬಣ್ಣ ಹೊಡೆದು, ಒಂದು ಹಾವು ಮಾಡಿ ಕೊಟ್ಟರು. ಬಾಲ ಹಿಡಿದರೆ ಮೈಯೆಲ್ಲ ಬಳುಕೋದು. ಹೆಡೆ, ಕಣ್ಣು, ನಾಲಿಗೆ ಎಲ್ಲ ಇತ್ತು.

"ಸಿಸ್ಟರ್, ಇದನ್ನ ಇಡಿ. ಕೋತಿ ಈ ಬೀದಿ ಮರೀತದೆ" ಅಂದರು.

ಮಾರನೇ ದಿನ ತಾರಸಿಗೆ ಹೋದರೆ ಬದನೆಕಾಯಿ ಇಲ್ಲ, ಹಾವೂ ಇಲ್ಲ. ಅದೇ ಹೊತ್ತಿಗೆ ಬೀದಿ ಕೊನೆಯಿಂದ ಕೂಗಾಟ ಕೇಳಿಸಿತು. "ನಾಗರಾವು! ಅಂಗನವಾಡಿ ಒಳಗೆ ನಾಗರಾವು!" ನಾನು, ಭಾಯ್ ಓಡಿ ಹೋದೆವು. ಮಕ್ಕಳನ್ನೆಲ್ಲ ಎತ್ತಿ ಎತ್ತಿ ಆಚೆ ತರ್ತಿದ್ದರು. ಟೀಚರ್ ಕುರ್ಚಿ ಮೇಲೆ ಹತ್ತಿ ನಿಂತಿದ್ದರು. ಹಾವು ಹಿಡಿಯೋರು ಉದ್ದನೆ ಕೋಲು, ಚೀಲ ಹಿಡಿದು ಬಂದರು. "ಯಾರೂ ಉಸಿರಾಡಬೇಡಿ" ಅಂತ ಹೇಳಿ ಕಿಟಕಿ ಪಕ್ಕ ಹೋದರು. ಕೋಲು ತಾಗಿಸಿದರು. ಹಾವು ಲೊಟಲೊಟ ಅಂತ ಸದ್ದು ಮಾಡಿ ಕೆಳಗೆ ಬಿತ್ತು.

ಹೊರಗೆ ಸೀಬೆ ಮರದ ಮೇಲೆ ಕೋತಿ ಕೂತು, ಬದನೆಕಾಯಿ ಕಚ್ಚುತ್ತ ಎಲ್ಲವನ್ನೂ ನೋಡುತ್ತಿತ್ತು.

ಮಕ್ಕಳಿಗೆ ಏನೂ ಆಗಲಿಲ್ಲವಲ್ಲ ಅಂತ ನಾನು ದೇವರಿಗೆ ಕೈ ಮುಗಿದೆ. ಜನ ಇನ್ನೇನು ಬೈಯುತ್ತಾರೆ ಅಂತ ಭಾಯ್ ಮುಖ ನೋಡಿದರೆ, ಅವರು ಗುಂಪು ಸರಿಸಿಕೊಂಡು ಮುಂದೆ ಹೋಗಿ, ಹಾವನ್ನ ಎತ್ತಿ ಒರೆಸಿ, ಎದೆಯುಬ್ಬಿಸಿ ಹೇಳಿದರು:

"ನಮ್ದೇ ಮಾಲು! ನೋಡಿದ್ರಾ ಸಿಸ್ಟರ್, ಇಡೀ ಬೀದಿ ನಂಬ್ತು. ಕೋತಿ ನಂಬದೇ ಇದ್ರೆ ಬಿಡಿ, ಕೈಕೆಲಸದ ಬೆಲೆ ಅದಕ್ಕೇನು ಗೊತ್ತು!"

ವಾರಸುದಾರರಿಲ್ಲದ ಬ್ಯಾಗು

ಸೀಮೆಬದನೆ ಬಳ್ಳಿಗೆ ನಾಚಿಕೆ ಅನ್ನೋದೇ ಇಲ್ಲ. ಬಿಡೋಕೆ ಶುರು ಮಾಡಿದರೆ ನಿಲ್ಲಿಸೋದೇ ಇಲ್ಲ. ಓನರ್ರಿಗೆ ಕೊಟ್ಟೆ, ಆಪಂಗೆ ಕೊಟ್ಟೆ, ಬ್ಲೌಸ್ ಹೊಲಿಸೋಕೆ ಬಂದವರಿಗೆಲ್ಲ ಕೊಟ್ಟೆ. ಕೊನೆಕೊನೆಗೆ ಗಿರಾಕಿಗಳು ಬಾಗಿಲಿಂದಲೇ "ಅಕ್ಕಾ, ಬ್ಲೌಸ್ ಮಾತ್ರ ಕೊಡಿ" ಅನ್ನೋಕೆ ಶುರು ಮಾಡಿದರು. ಉಳಿದದ್ದನ್ನ ಬ್ಯಾಗಿಗೆ ತುಂಬಿ ಯಜಮಾನರ ಕೈಗೆ ಕೊಟ್ಟು, "ಟ್ರೈನಲ್ಲಿ ನಿಮ್ಮ ಸ್ನೇಹಿತರಿಗೆ ಹಂಚಿಬಿಡಿ" ಅಂದೆ.

ಸ್ನೇಹಿತರು ಹಿಂದಿನ ವಾರವೇ ತೆಗೆದುಕೊಂಡಿದ್ದರು. ಇವರನ್ನು ನೋಡಿ ಪಕ್ಕದ ಬೋಗಿಗೆ ಹೋದರಂತೆ. ಇವರಿಗೂ ಬೇಜಾರಾಗಿ, ಬ್ಯಾಗನ್ನ ಸೀಟಿನ ಕೆಳಗೆ ಮೆಲ್ಲಗೆ ತಳ್ಳಿ, ಯಾರಿಗಾದರೂ ಸಿಗಲಿ ಅಂತ ಬಿಡದಿಯಲ್ಲಿ ಇಳಿದುಬಿಟ್ಟಿದ್ದಾರೆ. ಸಿಕ್ಕಿದ್ದು ಒಬ್ಬ ಪ್ರಯಾಣಿಕರಿಗೆ. ಅವರು ಬ್ಯಾಗು ಮುಟ್ಟಿ ನೋಡಿದ್ದಾರೆ. ಒಳಗೆ ಉಂಡುಂಡೆ, ಗಟ್ಟಿ, ಮೇಲೆಲ್ಲ ಮುಳ್ಳುಮುಳ್ಳು. "ಬಾಂಬು!" ಅಂತ ಕಿರುಚಿದ್ದಾರೆ. ಮುಂದಿನ ಸ್ಟೇಷನ್ನಿನಲ್ಲಿ ಬೋಗಿ ಪೂರ್ತಿ ಖಾಲಿ.

ಇತ್ತ ನನಗೆ ಫೋನು. "ಅಮ್ಮಾ, ರೈಲ್ವೆ ಪೊಲೀಸ್ ಸ್ಟೇಷನ್ನಿಂದ ಮಾತಾಡ್ತಿದೀವಿ. ಬ್ಯಾಗಿನ ಮೇಲೆ ನಿಮ್ಮ ಟೈಲರ್ ಅಂಗಡಿ ಹೆಸರು, ನಂಬರ್ ಐತೆ. ಒಳಗಿರೋದು ಏನು?"

"ಸೀಮೆಬದನೆ ಸಾರ್" ಅಂದೆ.

ಆ ಕಡೆ ಯಾರೋ ಜೋರಾಗಿ ನಕ್ಕಿದ್ದು ಕೇಳಿಸಿತು. ಕೇಸು ಗೀಸು ಅಂತ ಏನೂ ಇಲ್ಲ, ನಿಮ್ಮ ಯಜಮಾನರು ಬಂದು ತೆಗೆದುಕೊಂಡು ಹೋಗಲಿ ಅಂದರು. ನಾನು ಅಲ್ಲೇ ಮೆಷಿನ್ ಮೇಲೆ ತಲೆಯಿಟ್ಟು ಉಸಿರು ಬಿಟ್ಟೆ. ಸಂಜೆ ಯಜಮಾನರು ಬ್ಯಾಗು ಹೊತ್ತು ಬಂದರು. ಬೆಳಿಗ್ಗೆಗಿಂತ ಭಾರವಾಗಿತ್ತು.

"ಇದೇನ್ರೀ, ಜಾಸ್ತಿ ಆಗಿದೆ?"

"ಆ ಪೊಲೀಸಪ್ಪ ನಾಲ್ಕು ಮಾತು ಬುದ್ಧಿ ಹೇಳ್ದ. ಆಮೇಲೆ, 'ನಮ್ ಕ್ವಾಟ್ರಸ್ ಹಿಂದೇನೂ ಸಿಕ್ಕಾಪಟ್ಟೆ ಬುಟ್ಟೈತೆ, ಬೇಡ ಅನ್ಬೇಡಿ' ಅಂತ ಅವನ್ದೂ ಒಸಿ ತುಂಬ್ಬುಟ್ಟ ಕಣೇ."

ಅತ್ತೆ ಮತ್ತು ಸೋರೆಕಾಯಿ ಪಲ್ಯ

ನಮ್ಮತ್ತೆಯಂಥ ಅತ್ತೆ ಯಾರಿಗೂ ಸಿಗೋದಿಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನ ಅಡುಗೆಗೆ ಒಂದು ಮಾತು ಹೆಸರಿಟ್ಟವರಲ್ಲ. ಏನು ಬಡಿಸಿದರೂ, "ಅಮೃತ ಕಣವ್ವ" ಅನ್ನೋರು. ತಟ್ಟೆ ನೋಡಿದರೆ ತೊಳೆದಿಟ್ಟ ಹಾಗೆ ಖಾಲಿ.

ಗೊಬ್ಬರದ ಡಬ್ಬದಲ್ಲಿ ತಾನಾಗೇ ಹುಟ್ಟಿದ ಸೋರೆ ಬಳ್ಳಿಯೊಂದು ಮೊದಲ ಕಾಯಿ ಬಿಟ್ಟಿತ್ತು. ಎಳೆಯ ಕಾಯಿ, ಉಗುರು ತಾಗಿಸಿದರೆ ಒಳಗೆ ಹೋಗೋದು. ಪಲ್ಯ ಮಾಡಿ ಅತ್ತೆಗೆ ಮೊದಲು ಬಡಿಸಿ, ಗಿರಾಕಿ ಬಂದರು ಅಂತ ಮುಂದಿನ ಕೋಣೆಗೆ ಹೋದೆ. ವಾಪಸ್ ಬರೋ ಹೊತ್ತಿಗೆ ತಟ್ಟೆ ಖಾಲಿ, ಅತ್ತೆ ಚಾಪೆ ಮೇಲೆ ಮಲಗಿದ್ದರು. "ಹೆಂಗಿತ್ತು ಅತ್ತೆ?" ಅಂದೆ. "ಅಮೃತ ಕಣವ್ವ" ಅಂದು ಕಣ್ಣು ಮುಚ್ಚಿದರು.

ನಾನು ತಟ್ಟೆ ಹಾಕಿಕೊಂಡು ಕೂತು ಒಂದು ತುತ್ತು ಬಾಯಿಗಿಟ್ಟೆ. ಬೇವಿಗಿಂತ ಕಹಿ! ಥೂ ಅಂತ ಉಗಿದು, ಬಾಯಿ ತೊಳೆದು, ಪಕ್ಕದ ಮನೆ ಗೋಡೆ ಹತ್ತಿರ ಹೋಗಿ ಆಪಂಗೆ ಹೇಳಿದರೆ ಅವರು ಎದೆ ಮೇಲೆ ಕೈಯಿಟ್ಟುಕೊಂಡರು.

"ಯಾ ಅಲ್ಲಾ! ಕಹಿ ಸೋರೆಕಾಯಿ ಅಂದ್ರೆ ವಿಷ! ನಮ್ಮ ಚಾಚಿ ಅದರ ಜ್ಯೂಸ್ ಕುಡಿದು ಆಸ್ಪತ್ರೆ ಸೇರಿದ್ರು. ಅಮ್ಮ ಎಷ್ಟು ತಿಂದ್ರು?"

"ಪೂರ್ತಿ!" ಅಂದೆ. ಕೂಗಿಕೊಂಡೇ ಅಂದೆ.

ಆಪ ಆಟೋ ಕರೆದರು. ನಾನು ಅತ್ತೆಯನ್ನ ಎಬ್ಬಿಸಿದೆ. "ಏನೂ ಆಗಿಲ್ಲ ಕಣವ್ವ, ಮಲಗಕೆ ಬುಡು" ಅಂತ ಅವರು ಗೊಣಗುತ್ತಿದ್ದರು. ನನಗೆ ಇನ್ನೂ ಜೋರಾಗಿ ಅಳು ಬಂತು. ಸೊಸೆಗೆ ಬೇಜಾರಾಗಬಾರದು ಅಂತ ವಿಷವನ್ನೂ ಅಮೃತ ಅಂದ ದೇವತೆ! ದಾರಿಯುದ್ದಕ್ಕೂ ಕೈ ಹಿಡಿದು ಕೇಳುತ್ತಿದ್ದೆ.

"ಹೊಟ್ಟೆ ಉರೀತದಾ ಅತ್ತೆ?"

"ಇಲ್ಲ."

"ತಲೆ ತಿರುಗ್ತದಾ?"

"ಈ ಆಟೋದಾಗೆ ಯಾರಿಗೆ ತಿರುಗಾಕಿಲ್ಲ?"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಪಿ ನೋಡಿದರು, ರಕ್ತ ತೆಗೆದರು, ಹೊಟ್ಟೆ ಒತ್ತಿ ನೋಡಿದರು. ಅಷ್ಟರಲ್ಲಿ ಯಜಮಾನರೂ ಫ್ಯಾಕ್ಟರಿಯಿಂದ ಓಡೋಡಿ ಬಂದು ಬಾಗಿಲಲ್ಲಿ ನಿಂತರು.

ಡಾಕ್ಟರಮ್ಮ ಹೇಳಿದರು. "ಎಲ್ಲ ಸರಿಯಾಗೇ ಕಾಣ್ತಿದೆ. ಆದರೆ ತಟ್ಟೆ ತುಂಬ ತಿಂದಿದ್ದಾರೆ ಅಂತೀರ, ವಯಸ್ಸೂ ಆಗಿದೆ. ಮೂಗಿನಿಂದ ಪೈಪ್ ಹಾಕಿ ಹೊಟ್ಟೇಲಿರೋದನ್ನ ತೆಗೀಬೇಕಾಗಬಹುದು."

ನರ್ಸು ಪೈಪು ತಂದರು. ಅದರ ಉದ್ದ ನೋಡಿದ್ದೇ ತಡ, ಅತ್ತೆ ಮಂಚದ ಮೇಲೆ ಎದ್ದು ಕೂತರು.

"ಬ್ಯಾಡ ಕಣವ್ವ ಡಾಕ್ಟ್ರವ್ವ! ಅದು ಒಳಕ್ಕೇ ಹೋಗಿಲ್ಲ!"

"ಯಾವುದು?"

"ಪಲ್ಯ! ನಾನೆಲ್ಲಿ ತಿಂದೆ? ಕಿಟಕಿ ತಾವ ದಾಸವಾಳದ ಕುಂಡ ಐತಲ್ಲ, ಅದ್ಕೆ ಸುರಿದು ಮ್ಯಾಲೆ ಒಸಿ ಮಣ್ಣು ಎಳೆದ್ಬುಟ್ಟೆ."

ನನಗೆ ನಿಂತಲ್ಲೇ ಜೀವ ಬಂದ ಹಾಗಾಯಿತು. ಹೋಗಿ ತಬ್ಬಿಕೊಂಡು ಅತ್ತೆ ಹೆಗಲ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಒಂದು ಅನುಮಾನ ಬಂತು.

"ಅತ್ತೆ, ಹೋದ ವಾರದ ಹಾಗಲಕಾಯಿ ಗೊಜ್ಜು?"

"ಅದೂ ಕುಂಡಕ್ಕೇ."

"ಬೆಂಡೆಕಾಯಿ?"

"ಅದೂವೆ."

"ಮತ್ತೆ ಇಷ್ಟು ವರ್ಷ ಅಮೃತ ಅಮೃತ ಅಂದ್ರಲ್ಲ!"

"ಬೆಳಗಿಂದ ದುಡಿಯೋ ಹೆಣ್ಣು. ಇನ್ನೇನನ್ಲವ್ವ?"

ಬಾಗಿಲಲ್ಲಿದ್ದ ಯಜಮಾನರು ಅಳುವ ದನಿಯಲ್ಲಿ, "ಅವ್ವಾ, ಆ ಕುಂಡದ ವಿಷ್ಯ ನಂಗೂ ಒಂದ್ಮಾತು ಹೇಳಬಾರದಿತ್ತಾ?" ಅಂದರು.

ಡಾಕ್ಟರಮ್ಮ ನಗು ತಡೆದುಕೊಂಡು ಕೇಳಿದರು. "ಹಾಗಾದ್ರೆ ಅಜ್ಜಿ, ಇಷ್ಟು ದಿನ ನೀವು ಊಟ ಏನು ಮಾಡ್ತಿದ್ರಿ?"

"ಮುದ್ದೆ, ಮಜ್ಜಿಗೆ."

ಡಾಕ್ಟರಮ್ಮ ರಿಪೋರ್ಟನ್ನ ಇನ್ನೊಂದು ಸಲ ನೋಡಿದರು. "ಬಿಪಿ ಇಲ್ಲ, ಶುಗರ್ ಇಲ್ಲ, ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿರೋರನ್ನ ನಾನು ನೋಡಿಲ್ಲ" ಅಂದವರು, ನನ್ನ ಕಡೆ ಒಂದು ಸಲ ನೋಡಿ, ಅತ್ತೆಯ ಕೈ ಹಿಡಿದು ಹೇಳಿದರು:

"ಅಜ್ಜಿ, ಸೊಸೆ ಏನೇ ಅಂದುಕೊಳ್ಳಲಿ, ನೀವು ಇದೇ ಪಥ್ಯ ಮುಂದುವರಿಸಿ."