ಬಿ.ಪಿ. ಮಾಸ್ತರರ ಬಿ.ಪಿ.

ಯಾವುದನ್ನು ಮುಚ್ಚಿಡಬೇಕೆಂದು ಒದ್ದಾಡುತ್ತೇನೋ ಅದೇ ನಾಲ್ಕು ಮಂದಿಯ ಎದುರು ಬಯಲಾಗುವುದು ನನ್ನ ಹಣೆಬರಹ. ಗದಗಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ನಾನು ಅತಿಥಿ ಉಪನ್ಯಾಸಕ. ರಕ್ತದೊತ್ತಡದ ಪಾಠವೆಂದರೆ ನನಗೆ ಬಲು ಹುರುಪು. ಹುಡುಗಿಯರು ಬೆನ್ನ ಹಿಂದೆ ‘ಬಿ.ಪಿ. ಮಾಸ್ತರು’ ಅನ್ನುತ್ತಾರೆ. ನನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ.

೧. ಉತ್ತರ ಹೇಳದ ಹುಡುಗಿ

ನಾಲ್ಕು ವರ್ಷದ ಹಿಂದಿನ ಮಾತು. ಮೌಖಿಕ ಪರೀಕ್ಷೆಗೆ ಒಬ್ಬ ಹುಡುಗಿ ಬಂದು ಕೂತಳು. ನಾನು ಕೇಳಿದೆ: “ಕುತ್ತಿಗಿ ರಕ್ತನಾಳದಾಗ ಒತ್ತಡ ಅಳೆಯೋ ನರದ ತುದಿ ಅದಾವು. ಒತ್ತಡ ಇಳಿದ್ರ ಅವು ತಣ್ಣಗ ಆಗ್ತಾವು, ಆಗ ಮಿದುಳಿನ ನರಕೋಶ ನೀರು ಹಿಡಿದಿಡೋ ಹಾರ್ಮೋನ್ ಬಿಡ್ತಾವು. ಹಂಗಾದ್ರ ಮನಷ್ಯಾನ್ನ ಮಲಗಿಸಿ ಕಾಲು ಮ್ಯಾಲೆತ್ತಿ ಇಟ್ರ ಏನಾಕ್ಕೈತಿ?”

ಅವಳ ಮುಖ ಕೆಂಪಾಯಿತು. “ಸರ್, ಒಂದ್ ಸಲ ಹೊರಗ ಹೋಗಿ ಬರ್ಲ್ರಿ?”

“ಮೊದಲ ಉತ್ತರ ಹೇಳು, ಆಮ್ಯಾಲೆ ಹೋಗು.”

ಎರಡು ನಿಮಿಷ ಚಡಪಡಿಸಿ ಓಡಿಯೇ ಹೋದಳು. ನಾನು ಸೊನ್ನೆ ಹಾಕಿದೆ. ಆ ಸಲ ಒಂದೇ ಮಾರ್ಕಿನಿಂದ ಫೇಲಾದಳೆಂದು ಆಮೇಲೆ ತಿಳಿದು ಮನಸ್ಸಿಗೆ ಕಸಿವಿಸಿಯಾಯಿತು. ಅವತ್ತು ನನ್ನ ಪಕ್ಕದಲ್ಲಿದ್ದ ಪರೀಕ್ಷಕರು ಮಾತ್ರ ನಕ್ಕಿದ್ದರು: “ಮೂತ್ರ ಜಾಸ್ತಿ ಆಕ್ಕೈತಿ ಅನ್ನೋದ ಉತ್ತರ ಅಲ್ರಿ? ಹುಡುಗಿ ಬಾಯಿಲೆ ಹೇಳಲಿಲ್ಲ, ಅಷ್ಟ.”

೨. ಲಕ್ಷ್ಮೇಶ್ವರದ ಮಶೀನು

ಈ ವರ್ಷ ನನ್ನ ಕೆಲಸ ಕಾಯಂ ಆಗುವ ಯೋಗ ಬಂತು. ಶುಕ್ರವಾರದೊಳಗೆ ಆರೋಗ್ಯ ಸರಿಯಿದೆ ಎಂಬ ಡಾಕ್ಟರ ಸರ್ಟಿಫಿಕೇಟು ಕೊಡಬೇಕು. ಒಂಬತ್ತು ವರ್ಷ ಕಾದದ್ದು ಒಂದು ಬಿ.ಪಿ. ಅಂಕಿಗೆ ಹೋದರೆ ಏನು ಗತಿ ಎಂದು ಊಟ ಸೇರದಾಯಿತು. ಮೊದಲೇ ನೋಡಿಕೊಂಡುಬಿಡೋಣವೆಂದು ಶನಿವಾರ ಹೆಂಡತಿಯೊಂದಿಗೆ ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ಅವಳ ತಮ್ಮನದು ಔಷಧಿ ಅಂಗಡಿ.

ನನ್ನದು ನೂರಾ ಅರವತ್ತೆಂಟು ಬಂತು.

“ಮಶೀನ ಕೆಟ್ಟೈತಿ,” ಅಂದಳು ಹೆಂಡತಿ. ಅವಳಿಗೆ ಕಟ್ಟಿದರೆ ನೂರಾ ಹದಿನೆಂಟು. ತಮ್ಮನಿಗೆ ಕಟ್ಟಿದರೆ ನೂರಾ ಇಪ್ಪತ್ತು. ಗುಳಿಗೆ ಕೊಳ್ಳಲು ಬಂದ ಅಜ್ಜನೊಬ್ಬ ತಾನೇ ತೋಳು ಚಾಚಿದ, ಅವನದೂ ನೂರಾ ಮೂವತ್ತು ದಾಟಲಿಲ್ಲ. ಮತ್ತೆ ನನಗೆ ಕಟ್ಟಿದರು. ನೂರಾ ಎಪ್ಪತ್ನಾಲ್ಕು.

ಭಾವಮೈದುನ ಮಶೀನು ಒರೆಸಿ ಡಬ್ಬಿಗೆ ಹಾಕುತ್ತ ಅಂದ: “ಮಾಮಾರ, ಮಶೀನಿಗೆ ನಿಮ್ಮ ಗುರುತು ಹತ್ತೇತ್ರಿ.”

೩. ಅಸುಂಡಿಯ ಝುಣಕ

ಸುದ್ದಿ ನನಗಿಂತ ಮೊದಲು ಅತ್ತೆಯ ಊರು ಅಸುಂಡಿ ಮುಟ್ಟಿತ್ತು. ಭಾನುವಾರ ಅಲ್ಲಿಗೆ ಹೋದರೆ ಅತ್ತೆ ಕಡಲೆಹಿಟ್ಟಿನ ಝುಣಕವನ್ನು ಉಪ್ಪಿಲ್ಲದೆ ಮಾಡಿ ಬಡಿಸಿ ನನ್ನ ಮುಖವನ್ನೇ ನೋಡುತ್ತ ಕೂತರು. ಒಂದು ರೊಟ್ಟಿ ಹೇಗೋ ನುಂಗಿ, ಮಾತು ಬೇರೆಡೆ ತಿರುಗಿಸಲು, ಕುತ್ತಿಗೆಯ ನರ ಮಿದುಳಿಗೆ ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂಬ ಪಾಠ ಶುರುಮಾಡಿದೆ. ಅತ್ತೆ ಪೂರ್ತಿ ಕೇಳಿದರು.

“ಖರೆ ಅಳಿಯಂದ್ರ, ಊರ ಮಂದಿಗೆ ಇಷ್ಟ ಹೇಳ್ತೀರಿ. ನಿಮ್ಮ ನರಕ್ಕೂ ಒಂದ್ ಮಾತು ಹೇಳಬಾರದೇನ್ರಿ?”

೪. ಮುಂಡರಗಿಯಲ್ಲಿ ನರಕ್ಕೆ ಹೇಳಿದ ಮಾತು

ಆ ಮಾತು ನನ್ನ ತಲೆ ಹೊಕ್ಕಿತು. ಗದಗಿನ ಯಾವ ಆಸ್ಪತ್ರೆಗೆ ಹೋದರೂ ನನ್ನ ವಿದ್ಯಾರ್ಥಿನಿಯರೇ ಇರುತ್ತಾರೆ. ನನ್ನ ಗುಟ್ಟು ಅವರಿಗೆ ಸಿಕ್ಕರೆ ಮುಗಿಯಿತು. ಅದಕ್ಕೇ ಗುರುವಾರ ಸರ್ಟಿಫಿಕೇಟಿಗೆಂದು ಮುಂಡರಗಿ ಬಸ್ಸು ಹತ್ತಿದೆ. ಹೆದರಿಕೆಗೆ ಬಾಯಿ ಒಣಗಿ ದಾರಿಯಲ್ಲೇ ಎರಡು ಬಾಟಲಿ ನೀರು ಕುಡಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸರದಿ ಬರುವ ಮುಂಚೆ, ಕುತ್ತಿಗೆಯ ಬದಿ ಒತ್ತಿಕೊಂಡೆ. ಹಾಗೆ ಒತ್ತಿದರೆ ಒತ್ತಡ ಏರಿದೆಯೆಂದು ನರ ಮೋಸಹೋಗುತ್ತದೆ, ಮಿದುಳು ಬಿ.ಪಿ. ಇಳಿಸುತ್ತದೆ. ಯಾರೂ ಹೀಗೆ ಮಾಡಬಾರದು ಎಂದು ಪಾಠದಲ್ಲಿ ಹೇಳುವವನೂ ನಾನೇ. ಹೆದರಿದವನಿಗೆ ತನ್ನ ಪಾಠ ಎಲ್ಲಿ ನೆನಪಿರುತ್ತದೆ? ಕಣ್ಣಿಗೆ ಕತ್ತಲೆ ಬಂತು.

ಎಚ್ಚರಾದಾಗ ಮಂಚದ ಮೇಲಿದ್ದೆ. ಕಾಲ ಕೆಳಗೆ ಮೂರು ದಿಂಬು. ಮಾಸ್ಕ್ ಹಾಕಿದ ನರ್ಸೊಬ್ಬಳು “ತೊಂಬತ್ತು” ಅಂದಳು. ಡಾಕ್ಟರು, “ಇವರನ್ನ ಏಳಗೊಡಬ್ಯಾಡ” ಎಂದು ಅವಳಿಗೆ ಹೇಳಿ ಹೋದರು.

“ತಂಗಿ, ತೊಂಬತ್ತು ಅಂತ ಬರದ್ರ ನನ್ನ ಕೆಲಸ ಹೋಗತೈತಿ. ಚೂರು ಏರಿಸಿ ಬರಿಯವಾ,” ಎಂದು ಬೇಡಿಕೊಂಡೆ. ಬಿ.ಪಿ. ಏರಲಿ ಎಂದು ನಾನು ಕೇಳಿದ್ದು ಜೀವನದಲ್ಲಿ ಅದೇ ಮೊದಲು.

“ಸುಮ್ಮನ ಮಲಕೋರಿ, ತಾನ ಏರತೈತಿ.”

ಸ್ವಲ್ಪ ಹೊತ್ತಿಗೆ ಬೇರೆಯದೇ ಸಂಕಟ ಶುರುವಾಯಿತು. ತಡೆದೆ, ಹೊರಳಾಡಿದೆ, ಕೊನೆಗೆ ನಾಚಿಕೆ ಬಿಟ್ಟೆ. “ತಂಗಿ, ಒಂದ್ ಸಲ ಹೊರಗ ಹೋಗಿ ಬರ್ತೀನವಾ.”

ಅವಳು ಮಾಸ್ಕ್ ಕೆಳಗೆ ಸರಿಸಿದಳು. “ಮೊದಲ ಉತ್ತರ ಹೇಳ್ರಿ ಸರ್, ಆಮ್ಯಾಲೆ ಹೋಗ್ರಿ. ಮನಷ್ಯಾನ್ನ ಮಲಗಿಸಿ ಕಾಲು ಮ್ಯಾಲೆತ್ತಿ ಇಟ್ರ ಏನಾಕ್ಕೈತಿ?”

ಅದೇ ಹುಡುಗಿ! ಒಂದೇ ಉಸಿರಿಗೆ ಒದರಿದೆ: “ಕಾಲಿನ ರಕ್ತ ಎದಿಗೆ ಬರತೈತಿ, ಎದಿ, ಕುತ್ತಿಗಿ ನರ ‘ಒತ್ತಡ ಸಾಕು’ ಅಂತಾವು, ಮಿದುಳು ಹಾರ್ಮೋನ್ ನಿಲ್ಲಸತೈತಿ, ಮೂತ್ರ ಜಾಸ್ತಿ ಆಕ್ಕೈತಿ! ಮೂತ್ರ, ತಂಗಿ, ಮೂತ್ರ!”

ಹೊರಗೆ ಸರದಿಯಲ್ಲಿ ಕೂತವರೆಲ್ಲ ಬಾಗಿಲ ಕಡೆ ತಿರುಗಿದರು. ಅವಳು ನಗುತ್ತ ಕೈಹಿಡಿದು ಎಬ್ಬಿಸಿ, ಬಚ್ಚಲ ಬಾಗಿಲತನಕ ಬಿಟ್ಟಳು.

ಹಗುರಾಗಿ ಬಂದು ಕೂತೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳು ಪಟ್ಟಿ ಸುತ್ತಿದ್ದೂ ಗೊತ್ತಾಗಲಿಲ್ಲ. ನೂರಾ ಇಪ್ಪತ್ನಾಲ್ಕು. ಡಾಕ್ಟರು ಬಂದು ಸಹಿ ಹಾಕಿದರು.

“ಅವತ್ತ ನಿನ್ನ ಬಿಡಬೇಕಿತ್ತವಾ. ನಂದು ತಪ್ಪಾತು,” ಅಂದೆ.

“ಆತು ಬಿಡ್ರಿ ಸರ್. ಉತ್ತರ ನನಗ ಅವತ್ತೂ ಬರತಿತ್ತು. ಇಬ್ರು ಸರ್ ಮುಂದ ಆ ಶಬ್ದ ಅನ್ನಾಕ ನಾಚಿಕಿ ಆಗಿತ್ರಿ. ನೀವು ನೋಡ್ರಿ, ಇಡೀ ಮುಂಡರಗಿಗೆ ಕೇಳೂ ಹಂಗ ಹೇಳಿದ್ರಿ!”