ನಾಲ್ಕೂ ಊರು ಹಸಿರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ಮಿರ್ಚಿ ಬಜ್ಜಿ ಮುಟ್ಟುವುದಿಲ್ಲ. ಕಂಪ್ಯೂಟರ್ ಬಲ್ಲವರು ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇಂಥವು ಮೇಲಿಂದ ಮೇಲೆ ನಡೆಯುವುದು ನನ್ನಂಥ ಘಟಾನುಘಟಿಗಳಿಗೆ ಮಾತ್ರ.

೧. ಖಂಡೆ ಪೂಜೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಊರಿನ ನಮ್ಮ ಕಚೇರಿಗಳ ಕಂಪ್ಯೂಟರ್ ಮಷೀನುಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್, ಕೊಪ್ಪಳದ ಕಚೇರಿಯಲ್ಲಿ ಕೂತ ನನ್ನ ಸುಪರ್ದಿಯಲ್ಲಿತ್ತು. ಒಂದೊಂದು ಮಷೀನಿಗೂ ಅದರ ಹೆಸರು, ವಿಳಾಸ, ಕೆಟ್ಟರೆ ಯಾರಿಗೆ ಸುದ್ದಿ ಅಂತ ಬರೆದುಕೊಡಬೇಕು. ಉಸಿರಾಡುತ್ತಿದ್ದರೆ ಪರದೆಯಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ಸುದ್ದಿ ದೊಡ್ಡವರಿಗೇ ಮುಟ್ಟಲಿ ಅಂತ ನಾನು ನಾಲ್ಕೂ ಕಚೇರಿಗೆ ಮೇಲಿನವರಾದ ನಮ್ಮ ಸಾಹೇಬರ ಮೊಬೈಲ್ ನಂಬರ್ ಬರೆದೆ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆ ಬಂತು. ಅಂದು ಆಯುಧಕ್ಕೆ ವಿಶ್ರಾಂತಿ. ಎಲ್ಲ ಕಚೇರಿಯವರೂ ಮಷೀನು ಆರಿಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಹೋಳಿಗೆಗೆ ಕೈಹಾಕಿದ್ದ ಸಾಹೇಬರ ಮೊಬೈಲು ಒದರತೊಡಗಿತು: ಕೊಪ್ಪಳ ಸತ್ತಿದೆ, ಗಂಗಾವತಿ ಸತ್ತಿದೆ, ಕುಷ್ಟಗಿ ಸತ್ತಿದೆ, ಯಲಬುರ್ಗಾ ಸತ್ತಿದೆ!

"ಹಬ್ಬದ ದಿನ ಎಷ್ಟು ಹೆಣ ಎಣಸಲೋ ಮಾರಾಯಾ?" ಅಂತ ನನಗೆ ಫೋನ್ ಮಾಡಿದರು. "ಇನ್ನೊಮ್ಮಿ ಕೆಂಪು ಕಂಡ್ರ ನಿನ್ನ ಆ ಮೂಲಿ ಹಳ್ಳಿ ಹುಲಿಹೈದರಕ್ಕ ವರ್ಗಾ ಮಾಡಿ ಒಗಿತೀನಿ!"

೨. ಹಸಿರು ಕ್ರಾಂತಿ

ನಾನು ಹೆದರುವ ಆಸಾಮಿಯೇ? ಹಳೆಯದನ್ನೆಲ್ಲ ಅಳಿಸಿ, ಕೊಪ್ಪಳದ್ದನ್ನು ಮುತ್ತು ಪೋಣಿಸಿದಂತೆ ಬರೆದು, ಅದನ್ನೇ ನಕಲು ಮಾಡಿ ಉಳಿದ ಮೂರೂರಿನ ಹೆಸರು ಹಾಕಿದೆ. ವಿಳಾಸ ಬದಲಿಸುವಂಥ ಚಿಲ್ಲರೆ ಕೆಲಸಕ್ಕೆ ಕೈಹಾಕಲಿಲ್ಲ. ಅಂದಿನಿಂದ ಪರದೆ, ಗಂಗಾವತಿಯ ಭತ್ತದ ಗದ್ದೆಯಂತೆ ಹಸಿರೋ ಹಸಿರು.

ಕುಷ್ಟಗಿ ಮ್ಯಾನೇಜರ್ ಫೋನ್ ಮಾಡಿದರು. "ಮುಂಜಾನಿಂದ ಲೈನ್ ಇಲ್ರಿ ಸರ್."

"ಇಲ್ಲಿ ಹಸಿರು ಐತಲ್ರಿ!"

"ಕರೆಂಟ ಇಲ್ರಿ. ಮಷೀನ್ ಕಪ್ಪಗ ಕುಂತೈತಿ."

"ಹಸಿರು ಐತಿ ಅಂದ್ನಲ್ರಿ. ಒಮ್ಮಿ ಕಣ್ಣು ತೋರಿಸ್ಕೊಳ್ರಿ."

ಪಾಪ, ಮರುದಿನ ಹೊಸ ಕನ್ನಡಕ ಮಾಡಿಸಿಕೊಂಡರಂತೆ.

೩. ಚಹಾ

ಸಾಹೇಬರು ಖುದ್ದು ಪರದೆ ನೋಡಲು ಬಂದರು. ನನ್ನ ಲ್ಯಾಪ್‌ಟಾಪಿನ ತುಂಬ ಹಸಿರು! "ಭಾಳ ಛಲೋ. ಒಂದು ಚಾ ಮಾಡಸು," ಅಂದರು. ಚಹಾ ಮಾಡುವ ಅಕ್ಕ ಬಂದು, ಮೂಲೆಯಲ್ಲಿದ್ದ ಕೊಪ್ಪಳದ ಮಷೀನಿನ ಪ್ಲಗ್ ಕಿತ್ತು ಕೆಟಲ್ ಸಿಕ್ಕಿಸಿದಳು. ಅದೊಂದೇ ವಿಳಾಸವನ್ನು ನಂಬಿಕೊಂಡಿದ್ದ ನಾಲ್ಕೂ ಊರು ಒಮ್ಮೆಲೇ ಕೆಂಪು!

ಸಾಹೇಬರು ಗಾಬರಿಯಾಗಿ ಕುಷ್ಟಗಿಗೆ ಫೋನ್ ಹಚ್ಚಿದರು. "ಏನಾಗೇತ್ರಿ ಅಲ್ಲಿ?"

"ಏನಿಲ್ರಿ ಸರ್, ಇವತ್ತ ಆರಾಮ ನಡದೈತ್ರಿ."

ಎಲ್ಲರ ಕಣ್ಣೂ ಅಕ್ಕನ ಕೈಯಲ್ಲಿದ್ದ ಪ್ಲಗ್ಗಿನ ಮೇಲೆ. "ಯವ್ವಾ," ಅಂದಳು, "ಒಂದು ಕೆಟಲಿಗೆ ಇಡೀ ಜಿಲ್ಲಾ ಬಿತ್ತೇನ್ರಿ?"

ನಾನು ಎದೆಯುಬ್ಬಿಸಿ, "ನೋಡ್ರಿ ಸರ್, ನಾಕೂ ಊರು ಒಂದ ಪ್ಲಗ್ ಮ್ಯಾಲ ನಡಸ್ಯಾನ ನಿಮ್ಮ ಹುಡುಗ. ಎಂಥ ಉಳಿತಾಯ!" ಅಂದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಬೆನ್ನು ತಟ್ಟಿದರು.

ಇಷ್ಟರಲ್ಲಿ ಒಂದು ಸಣ್ಣ ವಿವರ ಮಾತ್ರ ನಾನೇ ಕಟ್ಟಿದ್ದು. ಸಾಹೇಬರು ನಗಲಿಲ್ಲ. ಆದರೆ ಹುಲಿಹೈದರದ ಗಾಳಿ ಭಾಳ ಛಲೋ ಐತಿ ನೋಡ್ರಿ.